ಗಾಲಿಯ ಮನೆಯಲ್ಲಿ ಕರಾವಳಿ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಈ ವಾರಾಣಸಿಯಲ್ಲಿ ಕನ್ನಡದ ಗುರುತುಗಳಿಗೇನೂ ಕೊರತೆಯಿಲ್ಲ. ಜಂಗಮವಾಡಿ ಮಠವಿದೆ, ಗಂಗೆಯ ದಡದಲ್ಲಿ ಕರ್ನಾಟಕದ ಹೆಸರನ್ನೇ ಹೊತ್ತ ಘಟ್ಟವಿದೆ, ಊರಿನಿಂದ ಬರುವ ಯಾತ್ರಿಕರಂತೂ ವರ್ಷದುದ್ದಕ್ಕೂ ಇದ್ದೇ ಇದ್ದಾರೆ. ಆದರೆ ನಮ್ಮ ಮನೆಗಳ ಮಕ್ಕಳಿಗೆ ದಿನಕ್ಕೆ ಎಷ್ಟು ಸಲ ಕನ್ನಡದ ಅಗತ್ಯ ಬೀಳುತ್ತದೆ? ಶಾಲೆಯಲ್ಲಿ ಹಿಂದಿ, ಇಂಗ್ಲಿಷು, ಗಲ್ಲಿಯಲ್ಲಿ ಭೋಜಪುರಿ, ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿ ಅವರು ಹಿಂದಿಯಲ್ಲಿ ಉತ್ತರ ಕೊಟ್ಟರೂ ಕೆಲಸ ನಡೆದುಹೋಗುತ್ತದೆ. ಅಗತ್ಯವಿಲ್ಲದ ಮಾತು ಎಷ್ಟು ದಿನ ಉಳಿದೀತು? ಪ್ರವಾಸದ ವಿಷಯ ಮಾತನಾಡಿರೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಪ್ರವಾಸದ ನೆಪದಲ್ಲಿ ನಾವು ಈ ಪ್ರಶ್ನೆಯನ್ನೇ ತಮ್ಮ ಮುಂದಿಡುತ್ತೇವೆ.

ರಜೆಯಲ್ಲಿ ಊರಿಗೆ ಹೋದರೆ ಸರಿಹೋಗುತ್ತದೆಂದು ನಾವೆಲ್ಲ ನಂಬಿದ್ದೇವೆ. ಅನುಭವ ಹಾಗಿಲ್ಲ. ನಂಟರ ಮನೆಯಲ್ಲಿ ಮಕ್ಕಳು ಅತಿಥಿಗಳು. ಕೇಳುವ ಮೊದಲೇ ಎಲ್ಲವೂ ಕೈಗೆ ಬರುತ್ತದೆ. ಹೋಟೆಲುಗಳಲ್ಲಿ ನಮ್ಮ ವಿಳಾಸ ನೋಡಿದೊಡನೆ ಹಿಂದಿಯಲ್ಲೇ ಉಪಚಾರ ಆರಂಭವಾಗುತ್ತದೆ. ಆದ್ದರಿಂದ ಹೋದ ವರ್ಷದ ಶರದೃತುವಿನಲ್ಲಿ ನಾವು ದಂಪತಿಗಳು, ನಮ್ಮ ತಾಯಿಯವರು, ಇಬ್ಬರು ಮಕ್ಕಳು, ಐದು ಜನ ಸೇರಿ ಬೇರೆಯೇ ಒಂದು ಹಾದಿ ಹಿಡಿದೆವು. ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿ ಒಂದು ಕ್ಯಾರವಾನ್ ಬಾಡಿಗೆಗೆ ಹಿಡಿದು, ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದೆವು. ಅಲ್ಲಿಂದ ಕಾರವಾರದವರೆಗೆ, ಕಡಲನ್ನು ಎಡಕ್ಕಿಟ್ಟುಕೊಂಡು, ಹನ್ನೆರಡು ದಿನಗಳ ಪಯಣ.

ಕ್ಯಾರವಾನೆಂದರೆ ಗಾಲಿಯ ಮೇಲೊಂದು ಮನೆ. ಮಲಗಲು ಹಲಗೆ, ಒಂದು ಒಲೆ, ಒಂದು ನೀರಿನ ತೊಟ್ಟಿ, ಚಿಕ್ಕದೊಂದು ಶೌಚಗೃಹ. ಚಾಲಕರು ಜೊತೆಯಲ್ಲೇ ಇರುತ್ತಾರೆ. ಕೇಳುವುದಕ್ಕೆ ರಾಜವೈಭೋಗ. ಆದರೆ ಈ ಮನೆ ಸಂಜೆಯಾದೊಡನೆ ಯಜಮಾನನನ್ನು ಬೀದಿಗೆ ನೂಕುತ್ತದೆ. ಎಲ್ಲಿ ನಿಲ್ಲಿಸುವುದು? ತೊಟ್ಟಿಗೆ ನೀರೆಲ್ಲಿ? ತರಕಾರಿ, ಹಾಲು ಎಲ್ಲಿ? ಇವನ್ನೆಲ್ಲ ಯಾರನ್ನಾದರೂ ಕೇಳಲೇಬೇಕು. ಕೇಳುವ ಕೆಲಸವನ್ನು ಮಕ್ಕಳಿಗೇ ಬಿಟ್ಟೆವು. ಇಷ್ಟೇ ನಮ್ಮ ಉಪಾಯ.

ಕಾಲವನ್ನೂ ಯೋಚಿಸಿಯೇ ಆರಿಸಿದ್ದೆವು. ಮಳೆಗಾಲದಲ್ಲಿ ಆ ದಾರಿ ಹಗುರವಾದುದಲ್ಲ. ೨೦೨೪ರ ಜುಲೈನಲ್ಲಿ ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಕುಸಿದು ಜನ ಪ್ರಾಣ ತೆತ್ತರು. ಅಕ್ಟೋಬರಿನ ಕೊನೆಗೆ ಮುಂಗಾರು ಹಿಂದೆ ಸರಿದು ಕಡಲು ಶಾಂತವಾಗಿರುತ್ತದೆ. ಜೂನ್ ೧ರಿಂದ ಜುಲೈ ೩೧ರವರೆಗಿನ ಮೀನುಗಾರಿಕೆಯ ನಿಷೇಧ ಮುಗಿದು ದೋಣಿಗಳು ದುಡಿಯುತ್ತಿರುತ್ತವೆ. ಮಧ್ಯಾಹ್ನದ ಸೆಕೆ ಮತ್ತು ಸಂಜೆಗೊಮ್ಮೊಮ್ಮೆ ಗುಡುಗಿನ ಮಳೆ, ಇವೆರಡನ್ನು ಸಹಿಸಿಕೊಂಡರೆ ಆಯಿತು.

ಮಲ್ಪೆಯಲ್ಲಿ ಮಕ್ಕಳು ಮೊದಲ ಬಾರಿಗೆ ಕಡಲನ್ನು ಕಂಡರು. "ಆಚೆ ದಡ ಎಲ್ಲಿ?" ಎಂದು ಚಿಕ್ಕವಳು ಕೇಳಿದಳು. ಘಟ್ಟದ ಮೆಟ್ಟಿಲಿನಿಂದ ಆಚೆಯ ಮರಳನ್ನು ದಿನವೂ ನೋಡುವ ಹುಡುಗಿ. ದಡವಿಲ್ಲದ ನೀರನ್ನು ಅವಳು ಊಹಿಸಿರಲಿಲ್ಲ. ಕಾಶಿಯಲ್ಲಿ ನೀರಿನಿಂದ ಏಳುವ ಸೂರ್ಯ ಇಲ್ಲಿ ನೀರಿಗೆ ಇಳಿಯುವುದೂ ಅವರಿಗೆ ಸೋಜಿಗವೇ ಆಯಿತು.

ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಅಲ್ಲಿಗೆ ಸಮೀಪದ ಒಂದು ಮನೆಯ ಬಾವಿಕಟ್ಟೆಗೆ ಮಗ ಕೊಡ ಹಿಡಿದು ಹೋಗಿ, "ಸ್ವಲ್ಪ ಪಾನಿ ಕೊಡ್ತೀರಾ?" ಎಂದ. ಆ ತಾಯಿ ನಕ್ಕು, "ಪಾನಿ ಅಂದ್ರೆ ಎಂತ ಮಗಾ? ನೀರ್ ಅನ್ನು, ಕೊಡ್ತೆ" ಎಂದರು. ಅವನು "ನೀರು" ಎಂದ. ಕೊಡ ತುಂಬಿತು, ಜೊತೆಗೆ ಒಂದು ಹಿಡಿ ತೊಂಡೆಕಾಯಿಯೂ ಬಂತು. ನಾವು ವರ್ಷಗಟ್ಟಲೆ ತಿದ್ದಿದರೂ ಹೋಗದ "ಪಾನಿ" ಆ ಸಂಜೆ ಹೋಯಿತು.

ಹೊನ್ನಾವರದಲ್ಲಿ ನಡೆದದ್ದು ಇನ್ನೂ ದೊಡ್ಡ ಪಾಠ. ಶರಾವತಿಯ ದಡದಲ್ಲಿ ನಮ್ಮ ಮಗಳ ವಯಸ್ಸಿನ ಹುಡುಗಿಯೊಬ್ಬಳು ಸ್ನೇಹಿತೆಯಾದಳು. ಇಬ್ಬರೂ ಕನ್ನಡದಲ್ಲೇ ಹರಟಿದರು. ಅಷ್ಟರಲ್ಲಿ ಅವಳ ತಾಯಿ ಕೂಗಿ ಕರೆದರು. ಆ ಮಾತು ಕೊಂಕಣಿ. "ಹಾಗಾದರೆ ಕನ್ನಡ ನಿನ್ನ ಮನೆಮಾತಲ್ಲವಾ?" ಎಂದು ನಮ್ಮವಳು ಬೆರಗಾಗಿ ಕೇಳಿದಳು. "ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ" ಎಂದು ಆ ಹುಡುಗಿ ಸಹಜವಾಗಿ ಹೇಳಿದಳು. ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ. ಎರಡು ಮಾತಿನ ಬದುಕು ತಮಗೊಬ್ಬರಿಗೇ ಬಂದ ಕಷ್ಟವೆಂದು ತಿಳಿದಿದ್ದವರಿಗೆ, ಕನ್ನಡನಾಡಿನಲ್ಲಿಯೇ ಕೊಂಕಣಿ, ತುಳು, ಬ್ಯಾರಿ, ನವಾಯತಿಗಳನ್ನು ಮನೆಯಲ್ಲಿ ಕಾಪಾಡಿಕೊಂಡೇ ಕನ್ನಡವನ್ನೂ ಆಡುವ ಜನರಿದ್ದಾರೆಂಬುದು ಅಲ್ಲಿ ತಿಳಿಯಿತು. ಅವರಿಗೆ ಸಾಧ್ಯವಾದದ್ದು ನಮಗೇಕೆ ಅಸಾಧ್ಯ?

ಈ ಕರಾವಳಿಯ ಚರಿತ್ರೆಯೂ ಅದನ್ನೇ ಹೇಳುತ್ತದೆ. ೧೮೬೨ರಲ್ಲಿ ಆಂಗ್ಲರು ಇದರ ಉತ್ತರ ಭಾಗವನ್ನು ಮುಂಬಯಿಗೆ ಸೇರಿಸಿ, ದಕ್ಷಿಣ ಭಾಗವನ್ನು ಮದರಾಸಿನಲ್ಲಿಯೇ ಉಳಿಸಿದರು. ೧೯೫೬ರ ನವೆಂಬರ್ ೧ರಂದು ಎರಡೂ ಒಂದೇ ರಾಜ್ಯಕ್ಕೆ ಬಂದವು. ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಸುಮಾರು ಒಂದು ಶತಮಾನ ಬೇರೆ ಬೇರೆ ಆಡಳಿತಗಳ ಕೆಳಗಿದ್ದರೂ ಆ ಜನ ಕನ್ನಡವನ್ನು ಬಿಡಲಿಲ್ಲ. ಇಂದು ನಾವಾಚರಿಸುತ್ತಿರುವ ರಾಜ್ಯೋತ್ಸವದಲ್ಲಿ ಅವರ ಪಾಲು ದೊಡ್ಡದು.

ಕುಮಟೆಯ ಬಳಿ ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಿವೆ. ಅಲ್ಲಿ ಕಗ್ಗವೆಂಬ ಭತ್ತ ಬೆಳೆಯುತ್ತದೆ. ಬೇರೆ ಭತ್ತ ಸಾಯುವ ಉಪ್ಪನ್ನು ಅದು ತಾಳಿಕೊಳ್ಳುತ್ತದೆ. "ನಮ್ಮ ಹುಡುಗರ ಕನ್ನಡವೂ ಇಂಥದೇ ಆಗಬೇಕಪ್ಪ" ಎಂದರು ನಮ್ಮ ತಾಯಿಯವರು. ಗೋಕರ್ಣ ದಾಟಿದ ಮೇಲೆ ಸಿಕ್ಕ ನದಿಯ ಹೆಸರು ಗಂಗಾವಳಿ. ಗಂಗೆಯೆಂದರೆ ತಮ್ಮೂರಿನದೊಂದೇ ಎಂದುಕೊಂಡಿದ್ದ ಮಕ್ಕಳು ಆ ಹೆಸರು ಕೇಳಿ ಹಿಗ್ಗಿದರು. ಕಾರವಾರದಲ್ಲಿ ತರುಣ ರವೀಂದ್ರನಾಥ ಠಾಕೂರರು ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ಉಳಿದಿದ್ದುದನ್ನು ನೆನೆದು, ಅವರ ಹೆಸರಿನ ಕಡಲತೀರದಲ್ಲಿ ಕೊನೆಯ ಸಂಜೆ ಕಳೆದೆವು.

ಹೋಗಬಯಸುವವರಿಗೆ ಎರಡು ಮಾತು. ವಾಹನವನ್ನು ಮರಳಿಗೆ ಇಳಿಸಬೇಡಿ, ಗಾಲಿ ಹೂತುಹೋಗುತ್ತದೆ. ಕೊಳೆನೀರನ್ನು ದಡದಲ್ಲಿ ಬಿಡಬೇಡಿ. ಕತ್ತಲಾಗುವ ಮುನ್ನವೇ ಸ್ಥಳದವರ ಒಪ್ಪಿಗೆ ಪಡೆದು ನಿಲ್ಲಿಸಿ. ಖರ್ಚು ಕಡಿಮೆಯೇನಲ್ಲ, ಕ್ಯಾರವಾನೇ ಆಗಬೇಕೆಂದೂ ಇಲ್ಲ. ಒಂದು ಬಾಡಿಗೆ ಕಾರು, ಒಂದು ಒಲೆ, ಒಂದು ಕೊಡ ಇದ್ದರೂ ಸಾಕು. ಮಕ್ಕಳು ಕೇಳಿ ಪಡೆಯುವಂತಿರಬೇಕು, ಅಷ್ಟೇ ಮುಖ್ಯ.

ಹನ್ನೆರಡು ದಿನದಲ್ಲಿ ನಮ್ಮ ಮಕ್ಕಳು ಪಂಡಿತರಾಗಲಿಲ್ಲ. ಈಗಲೂ ಹಿಂದಿ ಬೆರೆಸುತ್ತಾರೆ. ಆದರೆ ಕನ್ನಡದಲ್ಲಿ ಕೇಳಿದರೆ ಲೋಕದಲ್ಲಿ ಏನಾದರೂ ಸಿಗುತ್ತದೆಂದು ಅವರಿಗೆ ಗೊತ್ತಾಗಿದೆ. ಇಲ್ಲಿಯೂ ವಾರಕ್ಕೊಂದು ದಿನ ಸಂಘದ ಅಂಗಳದಲ್ಲಿ ಮಕ್ಕಳಿಗೆ ಕನ್ನಡದಲ್ಲಿ ಕೇಳಿಯೇ ತಿಂಡಿ ಸಿಗುವಂತೆ ನಮ್ಮ ಗೃಹಿಣಿಯರು, ಹಿರಿಯರು ಏರ್ಪಾಡು ಮಾಡಿದರೆ, ಕರಾವಳಿಯ ಆ ಬಾವಿಕಟ್ಟೆಯನ್ನು ಕಾಶಿಗೇ ತಂದಂತಾಗುತ್ತದೆ.