ಕಟ್ಟಿಗೆಯ ದೇವಿ: ರೂಪ ಮತ್ತು ರಕ್ಷಣೆ



ಭೀಮೆಯ ಎರಡೂ ದಂಡೆಗಳಲ್ಲಿ ನಮಗೆ ಬೀಗರಿದ್ದಾರೆ. ವಿಜಯಪುರ, ಧಾರವಾಡಗಳ ಕಡೆ ಅವರ ಊರ ಜಾತ್ರೆಗೆ ಹೋದವರೆಲ್ಲ ಗ್ರಾಮದೇವತೆ ದ್ಯಾಮವ್ವನನ್ನು ಕಂಡಿರುತ್ತೀರಿ. ಅನೇಕ ಊರುಗಳಲ್ಲಿ ಆಕೆಯ ಮೂರ್ತಿ ಕಲ್ಲಿನದಲ್ಲ, ಕಟ್ಟಿಗೆಯದು. ಕೆಂಪು ಮೈ, ಅಗಲವಾದ ಕಣ್ಣು, ಹಲವು ಕೈಗಳು, ಕಾಲಡಿಯಲ್ಲಿ ಕೋಣ.

ಈ ರೂಪದ ಒಂದೊಂದು ಅಂಶಕ್ಕೂ ಅರ್ಥವಿದೆ. ಕೆಂಪು ಕುಂಕುಮದ ಬಣ್ಣ. ರಕ್ತದ್ದೂ ಹೌದು, ಹೆರುವ ಶಕ್ತಿಯದೂ ಹೌದು. ರೆಪ್ಪೆ ಬಡಿಯದ ಕಣ್ಣು ಊರ ಸೀಮೆಯನ್ನು ಕಾಯುವ ಕಣ್ಣು. ಕೋಣವೆಂದರೆ ಮಹಿಷ, ಮದವೇರಿದ ಬಲ. ಶಿರಸಿಯ ಮಾರಿಕಾಂಬೆಯೂ ಕಟ್ಟಿಗೆಯ ದೇವಿಯೇ, ಸುಮಾರು ಏಳು ಅಡಿ ಎತ್ತರ, ಎಂಟು ಕೈ. 1934ರಲ್ಲಿ ಗಾಂಧೀಜಿಯವರು ಶಿರಸಿಗೆ ಬಂದ ಕಾಲಕ್ಕೆ ಅಲ್ಲಿ ಕೋಣನ ಬಲಿ ನಿಂತಿತು.

ಕಲ್ಲಿನ ದೇವರಿಗೆ ಮುಪ್ಪಿಲ್ಲ ಎನ್ನುತ್ತೇವೆ. ಕಟ್ಟಿಗೆಯ ದೇವರಿಗೆ ಉಂಟು. ಪುರಿಯ ಜಗನ್ನಾಥನಿಗೆ ಜ್ಯೇಷ್ಠ ಹುಣ್ಣಿಮೆಯಂದು 108 ಕೊಡಗಳ ಸ್ನಾನವಾದ ಮೇಲೆ ಜ್ವರ ಬರುತ್ತದೆಂದು ಹದಿನೈದು ದಿನ ದರ್ಶನವಿಲ್ಲ. ಆ ಅವಧಿಯಲ್ಲಿ ಮೂರ್ತಿಗೆ ಮತ್ತೆ ಬಣ್ಣ ಕಟ್ಟುತ್ತಾರೆ. ಬೇವಿನ ಮರದ ಆ ಶರೀರವನ್ನೇ 2015ರಲ್ಲಿ ಬದಲಿಸಿದರು. ಅದಕ್ಕೂ ಮೊದಲು 1996ರಲ್ಲಿ. ನೀರು ಕಟ್ಟಿಗೆಗೆ ಏನು ಮಾಡುತ್ತದೆಂಬುದನ್ನು ಹಿರಿಯರು ಅರಿತಿದ್ದರು. ಆ ಅರಿವನ್ನೇ ಜ್ವರದ ಕಥೆಯಾಗಿಸಿದರು ಎಂದು ನಮಗೆ ಅನಿಸುತ್ತದೆ.

ನಾವು ಮಾತ್ರ ಅರಿಯಲಿಲ್ಲ. ನಮ್ಮ ಮನೆಯ ಜಗಲಿಯ ಮೇಲೆ ಮೊಳದುದ್ದದ ಕಟ್ಟಿಗೆಯ ದೇವಿಯಿದ್ದಾಳೆ. ಭಕ್ತಿಯ ಭರದಲ್ಲಿ ಪ್ರತಿ ಶುಕ್ರವಾರ ಹಾಲು, ನೀರು ಎರೆದೆವು. ಬಣ್ಣ ಹೊಪ್ಪಳಿಕೆಯೆದ್ದಿತು. ಹೊಳಪಿಗೆಂದು ಶೇಂಗಾ ಎಣ್ಣೆ ಸವರಿದೆವು. ಧೂಳು, ದೀಪದ ಮಸಿ ಅದಕ್ಕೆ ಅಂಟಿ ಮುಖ ಕಪ್ಪಾಯಿತು. ಕೊನೆಗೆ ಪೇಟೆಯಿಂದ ಆಯಿಲ್ ಪೇಂಟ್ ತಂದು ಬಳಿದೆವು. ತೆಳುವಾದ ಹುಬ್ಬು, ಮೂಗುತಿಯ ಉಬ್ಬುಗೆಲಸ, ತುಟಿಯಂಚಿನ ನಗೆ, ಎಲ್ಲವೂ ಅದರಡಿ ಮುಚ್ಚಿಹೋದವು. ಆ ಮುಖ ನಮ್ಮ ಅವ್ವನಿಗೆ ಗೊತ್ತಿತ್ತು. ಮಕ್ಕಳಿಗೆ ತೋರಿಸಲು ಒಂದು ಫೋಟೋ ಕೂಡ ಉಳಿದಿಲ್ಲ.

ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನಗಳು ಇಂಥ ಮೂರ್ತಿಗಳನ್ನು ಮಾಡುತ್ತ ಬಂದಿವೆ. ಹಗುರವಾದ ಕಟ್ಟಿಗೆಯನ್ನು ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಕಲಸಿದ ಮುದ್ದೆಯಿಂದ ಸಂದುಗಳನ್ನು ಮುಚ್ಚಿ, ಕಲ್ಲಿನ ಪುಡಿಯ ಸರಿಯಿಂದ ಆಭರಣಗಳನ್ನು ಉಬ್ಬಿಸಿ, ಆಮೇಲೆ ಬಣ್ಣ ಹಾಕುತ್ತಾರೆ. ಅಂದರೆ ನಾವು ಒರೆಸುವುದು ಬರಿಯ ಕಟ್ಟಿಗೆಯನ್ನಲ್ಲ. ನೀರು ತಾಗಿದರೆ ಸಡಿಲಾಗುವ ಹಲವು ಪದರುಗಳನ್ನು.

ಆದುದರಿಂದ ಒಣಗಿದ ಮೆತ್ತನೆಯ ಕುಂಚದಿಂದ ಧೂಳು ತೆಗೆದರೆ ಸಾಕು. ಬಣ್ಣ ಎದ್ದ ಕಡೆ ಅದನ್ನೂ ಮಾಡಬಾರದು. ಮೂರ್ತಿಯನ್ನು ಹಸಿ ಗೋಡೆಗೆ ತಾಗಿಸದೆ, ಕರ್ಪೂರದ ಹೊಗೆಯಿಂದ ದೂರವಿಡಬೇಕು. ನಮ್ಮ ಸೀಮೆಯ ಬ್ಯಾಸಿಗೆಯಲ್ಲಿ ಕಟ್ಟಿಗೆ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಹೀಗಾಗಿ ಬಿರುಕು ಕಂಡೊಡನೆ ಸಿಮೆಂಟನ್ನೋ ಮೇಣವನ್ನೋ ತುಂಬಬೇಡಿ. ಬುಡದಲ್ಲಿ ಹಿಟ್ಟಿನಂಥ ಪುಡಿ ಉದುರಿದ್ದರೆ ಒಳಗೆ ಹುಳುವಿದೆ ಎಂದೇ ತಿಳಿದು, ಆ ಮೂರ್ತಿಯನ್ನು ಉಳಿದ ಕಟ್ಟಿಗೆ ಸಾಮಾನುಗಳಿಂದ ಬೇರೆಯಿರಿಸಿ, ಬಲ್ಲವರನ್ನು ಕರೆಯಿಸಬೇಕು. ಮತ್ತೆ ಬಣ್ಣ ಹಾಕಿಸಲೇಬೇಕಾದರೆ ಮೊದಲು ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆದಿಡಿ. ಬಣ್ಣ ಕಟ್ಟುವವರ ಮುಂದೆ ನಾವು ಅವಸರ ಮಾಡಬಾರದು. ಜಾತ್ರೆಯ ತಾರೀಖು ಹತ್ತಿರ ಬಂದಾಗಲೇ ಎಲ್ಲರಿಗೂ ನೆನಪಾಗುತ್ತದೆ, ಕೆಡುವುದೂ ಆಗಲೇ.

ಅಭಿಷೇಕ ಬಿಡುವುದು ಹೇಗೆ ಎಂದು ತಾಯಂದಿರು ಕೇಳುತ್ತಾರೆ. ಅದಕ್ಕೂ ಹಿರಿಯರು ದಾರಿ ಮಾಡಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಈಗ ದೇವಿಯ ಮುಂದೆ ಒಂದು ಕನ್ನಡಿಯಿಟ್ಟು, ಅದರಲ್ಲಿ ಮೂಡಿದ ಬಿಂಬಕ್ಕೆ ನೀರೆರೆಯುತ್ತೇವೆ. ತಂಬಿಗೆ ಹಿಡಿಯಲು ಮೊಮ್ಮಕ್ಕಳು ಪ್ರತಿ ಶುಕ್ರವಾರ ಜಗಳಾಡುತ್ತಾರೆ.