ಹಳೆಯ ಬಿಲ್ಲು, ಹೊಸ ಹೆದೆ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಗಿರಣಿಯ ಗುಮಾಸ್ತರಿಗೂ ಬಿಲ್ಲುಗಾರಿಕೆಗೂ ಏನು ಸಂಬಂಧವೆಂದು ತಾವು ಕೇಳಬಹುದು. ದಿನವಿಡೀ ಲೆಕ್ಕದ ಮುಂದೆ ಬೆನ್ನು ಬಾಗಿಸಿ ಕೂಡುವ ನಮ್ಮಂಥವರನ್ನು ಎದೆ ಸೆಟೆಸಿ ನಿಲ್ಲಿಸುವ ಆಟ ಇದರಂಥದು ಬೇರೊಂದನ್ನು ನಾವು ಕಂಡಿಲ್ಲ. ಆದರೆ ಅದರ ಹೆಸರೆತ್ತಿದೊಡನೆ ಎಲ್ಲರೂ ಹಣದ ಮಾತು ತೆಗೆಯುತ್ತಾರೆ. ಒಲಿಂಪಿಕ್ ಕೂಟದಲ್ಲಿ ಕಾಣುವ ಬಿಲ್ಲಿಗೆ ಗುರಿಕಾಣಿ, ಮುಂದೆ ಚಾಚಿದ ಉದ್ದನೆಯ ಕೋಲು, ಪಕ್ಕದ ಕೋಲು ಎಲ್ಲವೂ ಉಂಟು. ಒಟ್ಟು ಬೆಲೆ ಲಕ್ಷ ದಾಟುತ್ತದೆ. ಊರಿಗೆ ಕಳಿಸುವ ಹಣಕ್ಕೆ ಕೈ ಹಚ್ಚದೆ ಈ ಆಟ ಆಡಲು ಬರುತ್ತದೆಯೇ? ಬರುತ್ತದೆ. ನಾವು ಐವರು ಗೆಳೆಯರು ಕೂಡಿ ಒಂದೂವರೆ ವರ್ಷ ಆಡಿ ನೋಡಿಯೇ ಈ ಮಾತು ಹೇಳುತ್ತಿದ್ದೇವೆ.

ಗುರಿಕಾಣಿಯಿಲ್ಲದ, ಕೋಲುಗಳಿಲ್ಲದ ಬಿಲ್ಲಿಗೆ ಇಂಗ್ಲಿಷಿನಲ್ಲಿ ಬೇರ್‌ಬೋ ಎನ್ನುತ್ತಾರೆ. ನಾವು ಬರಿಬಿಲ್ಲು ಎನ್ನೋಣ. ಅರ್ಥವೂ ಕೂಡುತ್ತದೆ, ಕಿವಿಗೂ ಹತ್ತಿರವಾಗಿದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಹೆದೆ ಇಳಿಸಿದ ಬರಿಬಿಲ್ಲು 12.2 ಸೆಂಟಿಮೀಟರಿನ ಬಳೆಯೊಳಗಿಂದ ತೂರಿ ಹೋಗಬೇಕು. ಅದಕ್ಕಿಂತ ಹೆಚ್ಚಿನ ಅಲಂಕಾರವನ್ನು ಕಟ್ಟಲು ಅವಕಾಶವೇ ಇಲ್ಲವೆಂದಾಯಿತು. ಬಡವರ ಪಾಲಿಗೆ ಇದು ಒಳ್ಳೆಯ ಕಾಯಿದೆ.

ಇದು ಕೀಳುದರ್ಜೆಯ ಆಟವೆಂದು ಯಾರೂ ತಿಳಿಯಬಾರದು. ನಮ್ಮ ದೇಶದ ಸ್ಪರ್ಧೆಗಳಲ್ಲಿ ಬಿದಿರಿನ ಬಿಲ್ಲಿಗೇ ಇಂಡಿಯನ್ ರೌಂಡ್ ಎಂಬ ಬೇರೆ ವಿಭಾಗವಿದೆ. ರಾಜಸ್ಥಾನದ ಬುಡಕಟ್ಟಿನ ಲಿಂಬಾ ರಾಮ್ ಅವರು ಬಾಲ್ಯದಲ್ಲಿ ಬಿದಿರ ಬಿಲ್ಲು ಹಿಡಿದು ಬೇಟೆಯಾಡಿದವರು. 1988, 1992, 1996ರ ಮೂರು ಒಲಿಂಪಿಕ್ ಕೂಟಗಳಲ್ಲಿ ದೇಶದ ಪರವಾಗಿ ನಿಂತರು. ರಾಂಚಿಯ ಕಡೆಯ ದೀಪಿಕಾ ಕುಮಾರಿಯವರ ತಂದೆ ಆಟೋರಿಕ್ಷಾ ಓಡಿಸುತ್ತಿದ್ದರು. ಆಕೆಯ ಮೊದಲ ಬಿಲ್ಲೂ ಬಿದಿರಿನದೇ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದರು.

ಇನ್ನು ವ್ಯವಹಾರದ ಮಾತು. ಕಲಿಯುವ ಹುಡುಗರು ಬಲ ಬಂದಂತೆ ಹಳೆಯ ಬಿಲ್ಲು ಬಿಟ್ಟು ಬಿರುಸಿನದನ್ನು ಕೊಳ್ಳುತ್ತಾರೆ. ಹಾಗೆ ಬಿಟ್ಟ ಬಿಲ್ಲುಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅಂಥದೊಂದನ್ನು ನಾವು ಐವರೂ ಸಮಪಾಲು ಹಾಕಿ ಕೊಂಡೆವು: ಮರದ ಹಿಡಿಕೆ, ಬಿಚ್ಚಿಡಬಹುದಾದ ಎರಡು ತೋಳು. ಸೀತಾ ಸ್ವಯಂವರದಲ್ಲಿ ಹಳೆಯ ಬಿಲ್ಲು ಮುರಿದದ್ದರಿಂದ ರಾಮನಿಗೆ ಸೀತೆ ದೊರೆತಳು. ನಮ್ಮ ಕೈಯಲ್ಲಿ ಮುರಿದರೆ ಮುಖಕ್ಕೆ ಗಾಯವಷ್ಟೇ ದೊರೆಯುವುದು. ಆದುದರಿಂದ ದುಡ್ಡು ಕೊಡುವ ಮುನ್ನ ಪರೀಕ್ಷೆ ಆಗಲೇಬೇಕು.

ಹಿಡಿ ಅರಳೆಯನ್ನು ತೆಗೆದುಕೊಂಡು ಎರಡೂ ತೋಳುಗಳ ಮೇಲೆ, ಅಂಚಿನ ಮೇಲೆ ಮೆಲ್ಲಗೆ ಸವರಬೇಕು. ಕಣ್ಣಿಗೆ ಕಾಣದ ಸಿಬರು, ಬಿರುಕು ಇದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. (ಗಿರಣಿಯವರಿಗೆ ಅರಳೆಗೇನು ಬರ!) ತೋಳು ಪದರ ಪದರವಾಗಿ ಅಂಟಿಸಿದ್ದು, ಆ ಪದರ ಬಿಟ್ಟುಕೊಂಡಿದ್ದರೆ ಬಿಲ್ಲು ಪುಕ್ಕಟೆ ಕೊಟ್ಟರೂ ಬೇಡ. ಬಳಿಕ ಹೆದೆಯೇರಿಸಿ, ಹೆದೆ ತಮ್ಮ ಕಡೆಗಿರುವಂತೆ ಹಿಡಿದು ಒಂದು ಕಣ್ಣಿನಿಂದ ನೋಡಿರಿ. ಹೆದೆಯ ಗೆರೆ ಎರಡೂ ತೋಳುಗಳ ನಟ್ಟನಡುವೆ ಹಾಯಬೇಕು. ಒಂದು ಪಕ್ಕಕ್ಕೆ ಸರಿದಿದ್ದರೆ ತೋಳು ತಿರುಚಿದೆ ಎಂದರ್ಥ. ಕೊನೆಗೆ ಸ್ವಲ್ಪ ಸ್ವಲ್ಪವಾಗಿ ಎಳೆದು ಕಿವಿಗೊಡಿರಿ. ಚಟಚಟ ಸದ್ದು ಬಂದರೆ ನಮಸ್ಕಾರ ಹೇಳಿ ಹೊರಡಿರಿ. ಎಳೆದ ಹೆದೆಯನ್ನು ಬಾಣವಿಲ್ಲದೆ ಮಾತ್ರ ಎಂದೂ ಬಿಡಬೇಡಿರಿ. ಬಾಣ ಒಯ್ಯಬೇಕಾದ ಬಲವೆಲ್ಲ ಮರಳಿ ತೋಳಿಗೇ ಬಡಿದು ಒಳ್ಳೆಯ ಬಿಲ್ಲೂ ಒಡೆಯಬಹುದು.

ಬಿಲ್ಲಿನ ಬಿರುಸನ್ನು ಇಂದಿಗೂ ಪೌಂಡಿನಲ್ಲೇ ಅಳೆಯುತ್ತಾರೆ. ತೋಳಿನ ಮೇಲೆ ಬರೆದ ಅಂಕಿ 28 ಅಂಗುಲ ಎಳೆದಾಗಿನದು. ಒಂದು ಅಂಗುಲ ಹೆಚ್ಚು ಅಥವಾ ಕಡಿಮೆ ಎಳೆದರೆ ಸುಮಾರು 2 ಪೌಂಡು ವ್ಯತ್ಯಾಸ. ಮೊದಲು ಹಿಡಿಯುವವರಿಗೆ 20ರಿಂದ 25 ಪೌಂಡು ಸಾಕು. ಮೂಟೆ ಹೊರುವ ಗಟ್ಟಿಗರೂ 40ರ ಬಿಲ್ಲಿಗೆ ಆಸೆಪಡಬಾರದು. ಇಲ್ಲಿ ದುಡಿಯುವ ಬೆನ್ನಿನ ಸ್ನಾಯುಗಳೇ ಬೇರೆ.

ಬಿಲ್ಲಿನಲ್ಲಿ ಉಳಿಸಿದ ಹಣವನ್ನು ಹೆದೆಗೂ ಬಾಣಕ್ಕೂ ಹಾಕಬೇಕೆಂಬುದೇ ನಮ್ಮ ಮುಖ್ಯ ಅರಿಕೆ. ಹಳೆಯ ಬಿಲ್ಲಿನೊಡನೆ ಬಂದ ಹೆದೆಯನ್ನು ನಂಬಬೇಡಿರಿ, ಹೊಸದು ತನ್ನಿರಿ. ಅಂಗಡಿಯವನು ಈಗಿನ ಕಾಲದ ಹಿಗ್ಗದ ನೂಲಿನ ಹೆದೆಯನ್ನೇ ಹೊಗಳಿ ಕೊಡಬಹುದು. ಅದಕ್ಕೆಂದು ತುದಿ ಬಲಪಡಿಸದ ಹಳೆಯ ಬಿಲ್ಲಿಗೆ ಅದನ್ನು ಕಟ್ಟಿದರೆ ತುದಿಯೇ ಸೀಳೀತು. ಡೆಕ್ರಾನ್ ಹೆದೆಯನ್ನೇ ಕೇಳಿರಿ. ಡೆಕ್ರಾನ್ ಎಂದರೆ ನಮಗೆ ಪರಿಚಯದ ಪಾಲಿಯೆಸ್ಟರ್ ನೂಲೇ. ಕೊಂಚ ಹಿಗ್ಗಿ ಹೊಡೆತದ ಪೆಟ್ಟನ್ನು ತಾನು ನುಂಗುತ್ತದೆ. ಬೆಲೆಯೂ ಕಡಿಮೆ.

ಬಾಣ ಆರೇ ಸಾಕು, ಆದರೆ ಆರೂ ಒಂದೇ ಉದ್ದ, ಒಂದೇ ತೂಕ, ಒಂದೇ ಬಿಗಿಯವಾಗಿರಬೇಕು. ಬಾಣ ಹೊರಡುವಾಗ ಬಳುಕುತ್ತ ಹೋಗುತ್ತದೆ. ಬಿಲ್ಲಿನ ಬಿರುಸಿಗೆ ಬಳುಕು ಹೊಂದದಿದ್ದರೆ ಎಷ್ಟು ಸರಿಯಾಗಿ ಬಿಟ್ಟರೂ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಹೊಸಬರ ಬಾಣ ಅವರು ಎಳೆಯುವ ಅಳತೆಗಿಂತ ಎರಡು ಅಂಗುಲವಾದರೂ ಉದ್ದವಿರಲಿ. ಗಿಡ್ಡ ಬಾಣದ ಮೊನೆ ಹಿಂದಕ್ಕೆ ಜಾರಿ ಕೈಯನ್ನೇ ಚುಚ್ಚಬಹುದು.

ಗುರಿಕಾಣಿಯಿಲ್ಲದೆ ಗುರಿ ಹಿಡಿಯುವುದು ಹೇಗೆ? ಬಾಣದ ಮೊನೆಯೇ ಗುರಿಕಾಣಿ. ಎಳೆದ ಕೈಯ ತೋರುಬೆರಳು ಪ್ರತಿಸಲವೂ ತುಟಿಯ ಮೂಲೆಗೇ ತಾಗಬೇಕು. ಹತ್ತಿರದ ಗುರಿಯ ನಡುವಿಗೆ ಮೊನೆಯನ್ನು ಹಿಡಿದರೆ ಬಾಣ ಮೇಲೆ ಹೋಗುತ್ತದೆ. ಅದಕ್ಕೆ ಎರಡು ಉಪಾಯ. ಮೊನೆಯನ್ನು ಗುರಿಯ ಕೆಳಗೆ ಹಿಡಿಯುವುದು ಒಂದು. ಹೆದೆಯ ಮೇಲೆ ಬೆರಳುಗಳನ್ನೇ ಕೆಳಗಿಳಿಸುವುದು ಇನ್ನೊಂದು. ಬೆರಳು ಕಾಯುವ ತೊಗಲಿನ ಪಟ್ಟಿಯ ಹೊಲಿಗೆಗಳನ್ನು ಎಣಿಸಿ, ಇಂಥ ದೂರಕ್ಕೆ ಇಷ್ಟು ಹೊಲಿಗೆ ಎಂದು ಲೆಕ್ಕ ಬರೆದಿಡುತ್ತಾರೆ. ಗುಮಾಸ್ತರಿಗೆ ಒಪ್ಪುವ ವಿದ್ಯೆಯೇ ಸರಿ. ಆದರೂ ಬೆರಳು ಬಹಳ ಕೆಳಗಿಳಿದರೆ ಎರಡು ತೋಳುಗಳ ಸಮತೋಲ ತಪ್ಪುತ್ತದೆಯಾದ್ದರಿಂದ ಹಳೆಯ ಬಿಲ್ಲಿಗೆ ನಾವು ಮೊದಲನೆಯದನ್ನೇ ಇಟ್ಟುಕೊಂಡಿದ್ದೇವೆ.

ಗುರಿಯ ದಿಂಡಿಗೆ ನಮಗೆ ಖರ್ಚೇ ಬೀಳಲಿಲ್ಲ. ಗೋಣಿಚೀಲದಲ್ಲಿ ಚಿಂದಿ ಬಟ್ಟೆಯನ್ನು ಗಿಡಿದು ತುಂಬಿ ಬಾಯಿ ಹೊಲಿದರೆ ಈ ಬಿರುಸಿನ ಬಾಣ ಅದರಲ್ಲೇ ನಿಲ್ಲುತ್ತದೆ. ಹಿಂದೆ ಹಳೆಯ ಕಂಬಳಿಯೊಂದನ್ನು ಸಡಿಲಾಗಿ ಇಳಿಬಿಟ್ಟರೆ ತಪ್ಪಿದ ಬಾಣವನ್ನೂ ಬಹುಮಟ್ಟಿಗೆ ತಡೆಯುತ್ತದೆ. ಹತ್ತು ಮೀಟರಿನಿಂದ ಆರಂಭಿಸಿರಿ.

ಆದರೆ ಹುಡುಗರು ಕ್ರಿಕೆಟ್ ಆಡುವ ಮೈದಾನದಲ್ಲಿ, ಚಾಳಿನ ಗಚ್ಚಿಯ ಮೇಲೆ ಈ ಆಟ ಬೇಡವೇ ಬೇಡ. ಚೀಲದ ಹಿಂದೆ ಮಣ್ಣಿನ ದಿಬ್ಬವಿರುವ, ಆಚೆ ಯಾರೂ ಸುಳಿಯದ, ಒಡೆಯರ ಒಪ್ಪಿಗೆಯಿರುವ ಸ್ಥಳವೇ ಬೇಕು. ಬಾಣ ಬಿಡುವ ಗೆರೆಯ ಮುಂದೆ ಒಬ್ಬರೂ ಇರಕೂಡದು. ಎಲ್ಲರೂ ಬಿಲ್ಲು ಕೆಳಗಿಟ್ಟ ಮೇಲೆಯೇ ಒಟ್ಟಾಗಿ ಬಾಣ ತರಲು ಹೋಗಬೇಕು. ಸಾಧ್ಯವಿದ್ದವರು ಜಿಲ್ಲೆಯ ಬಿಲ್ಲುಗಾರಿಕೆ ಸಂಸ್ಥೆಯ ಮೈದಾನದಲ್ಲಿ ಬಲ್ಲವರಿಂದ ನಾಲ್ಕು ದಿನ ಕಲಿತು ಬಂದರೆ ಮತ್ತೂ ಲೇಸು.

ನಮ್ಮ ಬಿಲ್ಲು ಈ ಮೇಜಿನ ಮೇಲಿದೆ. ತಾವು ಮುಟ್ಟಿ ನೋಡಬಹುದು, ಹೆದೆಯನ್ನು ಮಾತ್ರ ಎಳೆದು ಬಿಡಬಾರದು. ಇನ್ನೊಂದು ಚೀಲ ತುಂಬಬೇಕಾಗಿದೆ. ಮನೆಯಲ್ಲಿ ಹರಕು ಬಟ್ಟೆಯಿದ್ದವರು ಬರುವ ಭಾನುವಾರ ವಾಚನಾಲಯಕ್ಕೆ ತಂದುಕೊಡಬೇಕೆಂದು ಬೇಡುತ್ತೇವೆ. ಗುಂಡಿ, ಜಿಪ್ಪು, ಕೊಕ್ಕೆಗಳನ್ನು ಕಿತ್ತು ತನ್ನಿರಿ. ಅವು ತಾಗಿದರೆ ಬಾಣ ಕೆಡುತ್ತದೆ.