ಮಾವನ ಪದ್ಮಿನಿಯ ಪೆಟ್ರೋಲ್ ಪೈಪು

ಹಿಂದೆ ನಿಂತಿರೋರು ಮುಂದೆ ಬನ್ನಿ, ಜಾಗ ಇದೆ. ನನ್ನ ಕೈಲಿರೋ ಈ ತುಂಡು ದೂರಕ್ಕೆ ಕಾಣಲ್ಲ.

ಇದು ಒಂದು ರಬ್ಬರ್ ಪೈಪು, ಗೇಣುದ್ದ. ಹೊರಗಿಂದ ನೋಡಿದ್ರೆ ಏನೂ ಆಗಿಲ್ಲ, ಕಪ್ಪಗೆ ಚೆನ್ನಾಗೇ ಇದೆ. ಈಗ ಹೀಗೆ ಬಗ್ಗಿಸ್ತೀನಿ. ಬಿರುಕು ಕಾಣ್ತಾ? ಉದ್ದಕ್ಕೆ ಸೀಳಿದ ಅರ್ಧ ಇಲ್ಲಿದೆ. ಒಳಗೆ ಬೆರಳಾಡಿಸಿದ್ರೆ ಕಾಡಿಗೆ ಥರ ಕಪ್ಪು ಅಂಟುತ್ತೆ. ಹೋದ ವರ್ಷ ನಾನೇ ಇದನ್ನ ಕೈಯಲ್ಲಿ ಮುಟ್ಟಿ ನೋಡಿ, "ಇದು ಚೆನ್ನಾಗಿದೆ, ಇರಲಿ" ಅಂತ ಬಿಟ್ಟಿದ್ದೆ. ಇವತ್ತಿನ ಮಾತು ಆ ತಪ್ಪಿನ ಬಗ್ಗೆ.

ನಾನು ಸುರತ್ಕಲ್‌ನಲ್ಲಿ ಎಂ.ಟೆಕ್ ಮಾಡಿದೋನು, ಈಗ ಐರೋಲಿಯಲ್ಲಿ ಕೋಡ್ ಬರೀತೀನಿ. ಮೆಕ್ಯಾನಿಕ್ ಅಲ್ಲ. ಕಾರು ನಮ್ಮ ಸೋದರಮಾವನದು. ಮಾವ ಕಾರ್ಕಳ ಕಡೆಯವರು. ಎಪ್ಪತ್ತರ ದಶಕದಲ್ಲಿ ಮುಂಬೈಗೆ ಬಂದು, ಹಗಲು ಫೋರ್ಟಿನ ಒಂದು ಕ್ಯಾಂಟೀನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಗೆ ಹೋಗಿ, ಆಮೇಲೆ ಬ್ಯಾಂಕಿಗೆ ಸೇರಿದವರು. ಆ ತಲೆಮಾರಿನ ಎಷ್ಟೋ ಜನರದು ಇದೇ ಕಥೆ, ನಿಮಗೆ ಗೊತ್ತು. 1991ರಲ್ಲಿ ಅವರು ಸೆಕೆಂಡ್ ಹ್ಯಾಂಡ್ ಪ್ರೀಮಿಯರ್ ಪದ್ಮಿನಿ ತಗೊಂಡರು. ಅವರ ಲೆಕ್ಕದಲ್ಲಿ ಅದು ಕಾರಲ್ಲ, ಕ್ಯಾಂಟೀನ್ ಬಿಟ್ಟಿದ್ದಕ್ಕೆ ಸರ್ಟಿಫಿಕೇಟು.

1089 ಸಿಸಿ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. 1964ರಲ್ಲಿ ಫಿಯೆಟ್ 1100 ಡಿಲೈಟ್ ಅಂತ ಬಂದ ಗಾಡಿ, 1974ರಲ್ಲಿ ಪದ್ಮಿನಿ ಅನ್ನೋ ಹೆಸರು ಪಡೀತು. ಕಾರ್ಖಾನೆ ಇಲ್ಲೇ ಕುರ್ಲಾದಲ್ಲಿ. ಮುಂಬೈ ಅಂದ್ರೆ ಕಣ್ಣ ಮುಂದೆ ಬರೋ ಕಾಲಿ-ಪೀಲಿ ಟ್ಯಾಕ್ಸಿ ಇದೇ. ಕೊನೆಯ ಪದ್ಮಿನಿ ಟ್ಯಾಕ್ಸಿ ತಾರದೇವ್ ಆರ್‌ಟಿಒದಲ್ಲಿ ನೋಂದಣಿ ಆಗಿದ್ದು 2003ರ ಅಕ್ಟೋಬರ್ 29ಕ್ಕೆ. ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇರೋದ್ರಿಂದ 2023ರ ಅಕ್ಟೋಬರ್ ಕೊನೆಗೆ ಅದೂ ಹೋಯ್ತು. ಮಾವನ ಗಾಡಿಯ ಕೆಲಸ ಮಾಡ್ತಿದ್ದ ಟ್ಯಾಕ್ಸಿ ಮೆಕ್ಯಾನಿಕ್ ಅದಕ್ಕೂ ಮೊದಲೇ ಊರಿಗೆ ಹೋಗಿದ್ದ. ಹಾಗಾಗಿ ಕೆಲಸ ನನ್ನ ತಲೆಗೆ ಬಂತು.

ಹೋದ ವರ್ಷ ಪಂಪಿನಿಂದ ಕಾರ್ಬ್ಯುರೇಟರಿಗೆ ಹೋಗೋ ಪೈಪು ಜಿನುಗ್ತಿತ್ತು. ಭಾನುವಾರ ಸಂಜೆ, ಫೋರ್ಟಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತೆ. ತೆರೆದಿದ್ದ ಒಂದು ಹಾರ್ಡ್‌ವೇರ್ ಅಂಗಡೀಲಿ ಪಾರದರ್ಶಕ ಪಿವಿಸಿ ಪೈಪು ಸಿಕ್ತು. ಮೀಟರಿಗೆ ನಲವತ್ತು ರೂಪಾಯಿ. ಒಳಗೆ ಪೆಟ್ರೋಲ್ ಹರಿಯೋದು ಕಾಣುತ್ತಲ್ಲ, ಭಾರೀ ಖುಷಿ ನನಗೆ. ಮಾವ ಮಾತ್ರ, "ಅದು ನಲ್ಲಿಗೆ ಹಾಕುದಲ್ವಾ ಮಾರಾಯ?" ಅಂದ್ರು. ನಾನು ಎಂ.ಟೆಕ್, ಕೇಳ್ತೀನಾ?

ಎಂಟು ತಿಂಗಳು. ಒಂದು ರಾತ್ರಿ ಹನ್ನೊಂದಕ್ಕೆ ಎರಡನೇ ಮಹಡಿಯ ಅಜ್ಜಿ ಬಾಗಿಲು ಬಡಿದರು, ಮೆಟ್ಟಿಲ ಹತ್ರ ಪೆಟ್ರೋಲ್ ವಾಸನೆ ಅಂತ. ಆ ಕಟ್ಟಡ ಹೇಗಿದೆ ಅಂದ್ರೆ, ಮರದ ತೊಲೆ, ಮರದ ಮೆಟ್ಟಿಲು. ಕೆಳಗೆ ಅಂಗಳದಲ್ಲಿ ಕಾರು, ಹತ್ತು ಹೆಜ್ಜೆ ಆಚೆ ಬೆಳಿಗ್ಗೆ ಐದಕ್ಕೆ ಸ್ಟೌ ಹಚ್ಚೋ ಚಹಾದವನು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಮೇಲೆ ಹಾರಿ ಹೋಗಲ್ಲ, ನೀರಿನ ಥರ ನೆಲದ ಮೇಲೆ ಹರಿದು ತಗ್ಗಲ್ಲಿ ನಿಲ್ಲುತ್ತೆ. ಬಾನೆಟ್ ಎತ್ತಿ ನೋಡಿದ್ರೆ ನನ್ನ ಪಾರದರ್ಶಕ ಪೈಪು ಹಳದಿಯಾಗಿ, ಹಪ್ಪಳದಷ್ಟು ಗಟ್ಟಿಯಾಗಿ, ಕ್ಲಿಪ್ಪಿನ ಹತ್ರ ಸೀಳಿತ್ತು. ಅವತ್ತು ರಾತ್ರಿ ಗಾಡಿಯನ್ನ ಕೈಯಲ್ಲೇ ತಳ್ಳಿ ಹೊರಗೆ ರಸ್ತೆಗೆ ನಿಲ್ಲಿಸಿ, ಬ್ಯಾಟರಿ ಬಿಚ್ಚಿ, ಬೆಳಗಿನವರೆಗೆ ಪಕ್ಕದಲ್ಲೇ ಕೂತಿದ್ದೆ. ಚಹಾದವನು ಬಂದಾಗ ಸ್ಟೌ ಹಚ್ಚಬೇಡ ಅಂತ ಹೇಳೋಕೆ.

ಮುಂದಿನ ಭಾನುವಾರದ ಹೊತ್ತಿಗೆ ಓದಿಕೊಂಡು ಬಂದೆ. ಓದಿದ್ರಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ವಿಷಯ ಹೇಳ್ತೀನಿ. ಹಳೇ ಕಾರಲ್ಲಿ ಪೆಟ್ರೋಲ್ ದಾರಿ ಎರಡು ಭಾಗ. ಹಿಂದೆ ಟ್ಯಾಂಕಿನಿಂದ ಎಂಜಿನ್ ಪಕ್ಕದ ಪಂಪಿನ ತನಕ ಒಂದು, ಪಂಪಿನಿಂದ ಕಾರ್ಬ್ಯುರೇಟರಿಗೆ ಇನ್ನೊಂದು. ಪಂಪು ಹಿಂದಿನಿಂದ ಎಳೆಯುತ್ತೆ, ಮುಂದಕ್ಕೆ ತಳ್ಳುತ್ತೆ. ತಳ್ಳೋ ಕಡೆ ಬಿರುಕು ಬಿಟ್ರೆ ಬಿಸಿ ಎಂಜಿನ್ ಮೇಲೆ ಹನಿ ಬೀಳುತ್ತೆ, ವಾಸನೆ ಬರುತ್ತೆ, ನಿಮಗೆ ಗೊತ್ತಾಗುತ್ತೆ. ಎಳೆಯೋ ಕಡೆ ಬಿರುಕು ಬಿಟ್ರೆ ಗಾಡಿ ಓಡುವಾಗ ಹನಿ ಬೀಳಲ್ಲ. ಪೆಟ್ರೋಲ್ ಹೊರಗೆ ಬರೋ ಬದಲು ಗಾಳಿ ಒಳಗೆ ಹೋಗುತ್ತೆ.

ಇದನ್ನ ಓದಿದಾಗ ನನಗೆ ಹೊಳೀತು. ಎರಡು ವರ್ಷದಿಂದ ಮಾವನ ಗಾಡಿ ಮಧ್ಯಾಹ್ನದ ಬಿಸಿಲಲ್ಲಿ, ಮೊಹಮ್ಮದ್ ಅಲಿ ರೋಡ್ ಟ್ರಾಫಿಕ್ಕಲ್ಲಿ, ಕೆಮ್ಮಿ ಕೆಮ್ಮಿ ನಿಂತುಬಿಡ್ತಿತ್ತು. ಮೂರು ಸಲ ಕಾರ್ಬ್ಯುರೇಟರ್ ಬಿಚ್ಚಿ ತೊಳೆಸಿದ್ವಿ. ದುಡ್ಡು ಹೋಯ್ತು, ಕಾಯಿಲೆ ಹೋಗ್ಲಿಲ್ಲ. ಅಪರಾಧಿ ಹಿಂದೆ ಟ್ಯಾಂಕ್ ಹತ್ರ ಕೂತಿದ್ದ ಈ ಗೇಣುದ್ದ ಪೈಪು, ನಾನು "ಚೆನ್ನಾಗಿದೆ" ಅಂದಿದ್ದು. ಎರರ್ ಬಂದ ಲೈನಲ್ಲೇ ಬಗ್ ಹುಡುಕೋ ಜೂನಿಯರ್ ಕೆಲಸ ಮಾಡಿದ್ದೆ ನಾನು.

ರಬ್ಬರು ಯಾಕೆ ಹೀಗಾಗುತ್ತೆ? ವಯಸ್ಸು ಒಂದು. ಇನ್ನೊಂದು ಎಥನಾಲ್. ಇ20 ಪೆಟ್ರೋಲ್ ಬಿಡುಗಡೆ ಆಗಿದ್ದು 2023ರ ಫೆಬ್ರವರಿ 6ಕ್ಕೆ, ನಮ್ಮ ಬೆಂಗಳೂರಲ್ಲೇ. ಈಗ ಸಾಮಾನ್ಯವಾಗಿ ಬಂಕಲ್ಲಿ ಸಿಗೋದು ಅದೇ. ಹಳೇ ಕಾಲದ ರಬ್ಬರು ಎಥನಾಲ್ ಹೀರಿ ಊದಿಕೊಳ್ಳುತ್ತೆ, ಗಾಡಿ ವಾರಗಟ್ಟಲೆ ನಿಂತಾಗ ಒಣಗಿ ಬಿರಿಯುತ್ತೆ, ಮತ್ತೆ ಊದುತ್ತೆ. ಜೊತೆಗೆ ಎಥನಾಲ್ ಗಾಳಿಯ ತೇವ ಎಳ್ಕೊಳ್ಳುತ್ತೆ. ಮುಂಬೈ ಮಳೆಗಾಲದಲ್ಲಿ ತೇವಕ್ಕೇನು ಬರ? ಟ್ಯಾಂಕಿನೊಳಗೆ ತುಕ್ಕು. ಇ20 ಒಳ್ಳೇದಾ ಕೆಟ್ಟದ್ದಾ ಅನ್ನೋ ವಾದ ಬೇರೆ ದಿನ ಇಟ್ಕೊಳ್ಳೋಣ. ಹಳೇ ರಬ್ಬರಿಗೆ ಅದು ಆಗಿ ಬರಲ್ಲ, ಅಷ್ಟೇ.

ಹೊಸ ಪೈಪು ತರುವಾಗ ಮೇಲೆ ಅಚ್ಚಾಗಿರೋ ಸಾಲು ಓದಿ. ಎಸ್‌ಎಇ ಜೆ30 ಆರ್9 ಅಂತ ಇರಬೇಕು. ಅದರ ಒಳಪದರ ಬೇರೆ ಜಾತಿ ರಬ್ಬರು, ಎಥನಾಲಿಗೆ ಜಗ್ಗಲ್ಲ. ಇಂಥ ಪಂಪಿನ ಒತ್ತಡ ಬಹಳ ಕಡಿಮೆ, ಹಾಗಾಗಿ ಶಕ್ತಿಗೋಸ್ಕರ ಆರ್9 ಬೇಕಿಲ್ಲ, ಆ ಒಳಪದರಕ್ಕೋಸ್ಕರ ಬೇಕು. ನಾನು ಓಪೆರಾ ಹೌಸ್ ಹತ್ರದ ಬಿಡಿಭಾಗದ ಅಂಗಡಿಗಳನ್ನ ಸುತ್ತಿದೆ. ಮೊದಲ ಎರಡು ಅಂಗಡೀಲಿ "ಎಲ್ಲಾ ಒಂದೇ ಸಾಹೇಬ್" ಅಂದ್ರು. ಒಂದೇ ಅಲ್ಲ. ಅಳತೆಗೆ ಹಳೇ ತುಂಡನ್ನ ಒಯ್ಯಬೇಡಿ, ಅದು ಊದಿರುತ್ತೆ. ಪೈಪು ಕೂರೋ ಲೋಹದ ಮೂತಿಯನ್ನ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು ಬರೆದುಕೊಳ್ಳಿ. ಕ್ಲಿಪ್ಪು ಕೂಡ ಅಂಚು ಮಡಚಿರೋದೇ ತಗೊಳ್ಳಿ. ಹಲ್ಲು ಹಲ್ಲಿರೋ ಮಾಮೂಲಿ ಕ್ಲಿಪ್ಪು ರಬ್ಬರನ್ನ ಕುಯ್ಯುತ್ತೆ.

ಕೆಲಸದ ದಿನ. ಗಾಡಿ ಹಿಂದಿನ ರಾತ್ರಿಯಿಂದ ನಿಂತು ತಣ್ಣಗಾಗಿರಬೇಕು. ಟ್ಯಾಂಕು ಆದಷ್ಟು ಖಾಲಿ. ಮೆಟ್ಟಿಲಿಂದ ದೂರ, ಬಯಲಲ್ಲಿ. ಮೊದಲು ಬಿಚ್ಚೋದು ಬ್ಯಾಟರಿಯ ನೆಗೆಟಿವ್. ಪಕ್ಕದಲ್ಲಿ ಪೌಡರ್ ಬೆಂಕಿ ಆರಿಸೋ ಸಿಲಿಂಡರು, ಒಂದು ಬಕೆಟ್ ಮರಳು. ನೀರಲ್ಲ, ಪೆಟ್ರೋಲ್ ನೀರಿನ ಮೇಲೆ ತೇಲಿ ಉರಿಯುತ್ತೆ. ಗಾಡಿ ಕೆಳಗೆ ಹೋಗೋದಾದ್ರೆ ಜಾಕ್ ಒಂದನ್ನೇ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಒಬ್ಬರೇ ಮಾಡಬೇಡಿ. ನನ್ನ ಜೊತೆ ಮಾವ ಸ್ಟೂಲ್ ಹಾಕ್ಕೊಂಡು ಕೂತಿದ್ರು, ದಾರೀಲಿ ಹೋಗೋರಿಗೆಲ್ಲ "ಬೀಡಿ ಬೇಡ, ಆ ಕಡೆ, ಆ ಕಡೆ" ಅನ್ನೋ ಕೆಲಸ. ಬಾಯಲ್ಲಿ ಪೆಟ್ರೋಲ್ ಎಳೆಯೋ ಹಳೇ ಚಾಳಿ ಅವರದು, ತಡೆಯೋಕೆ ಸಾಕಾಯ್ತು.

ಅವತ್ತು ಟ್ಯಾಂಕಿನಿಂದ ಕಾರ್ಬ್ಯುರೇಟರ್ ತನಕ ರಬ್ಬರ್ ಅನ್ನೋದನ್ನೆಲ್ಲ ಬದಲಾಯಿಸಿದೆ. ನಡುವಿನ ಲೋಹದ ಪೈಪನ್ನ ಎರಡೂ ಕಡೆ ಬಿಚ್ಚಿ ಸೈಕಲ್ ಪಂಪಲ್ಲಿ ಊದಿದೆ, ಕೆಂಪು ತುಕ್ಕಿನ ಪುಡಿ ಬಂತು. ಫಿಲ್ಟರು ಹೊಸದು. ಪಂಪಿನೊಳಗಿನ ಡಯಾಫ್ರಮ್ ಮರೀಬೇಡಿ, ಅದೂ ರಬ್ಬರೇ. ಅದು ಹರಿದ್ರೆ ಪೆಟ್ರೋಲ್ ಎಂಜಿನ್ ಆಯಿಲಿಗೆ ಸೇರುತ್ತೆ. ಆಯಿಲ್ ಸ್ಟಿಕ್ ತೆಗೆದು ಮೂಸಿ, ಪೆಟ್ರೋಲ್ ವಾಸನೆ ಬಂದ್ರೆ ಗಾಡಿ ಸ್ಟಾರ್ಟೇ ಮಾಡಬೇಡಿ. ನಮ್ಮದು ಬಂದಿರಲಿಲ್ಲ, ಆದ್ರೂ ಬದಲಾಯಿಸಿದೆ.

ಕೊನೆಗೆ ಪ್ರತಿ ಜೋಡಣೆಗೂ ಟಿಶ್ಯೂ ಪೇಪರ್ ಸುತ್ತಿ, ಬ್ಯಾಟರಿ ಹಾಕಿ, ಐದು ನಿಮಿಷ ಓಡಿಸಿ ಆರಿಸಿದ್ವಿ. ಒಂದು ಕಡೆ ಪೇಪರ್ ಒದ್ದೆ. ಪಂಪಿನ ಮೂತಿ ಹತ್ರ ನಾನು ಪೈಪನ್ನ ಪೂರ್ತಿ ಒಳಗೆ ನೂಕಿರಲಿಲ್ಲ, ಕ್ಲಿಪ್ಪು ಮೂತಿಯ ಉಬ್ಬಿನ ಮೇಲೇ ಕೂತಿತ್ತು. ಬಿಚ್ಚಿ ಮತ್ತೆ ಹಾಕಿದೆ. ಎರಡನೇ ಸಲ ಎಲ್ಲ ಒಣ. ವಾರ ಬಿಟ್ಟು ಮತ್ತೆ ಕ್ಲಿಪ್ಪು ನೋಡಿದಾಗ ಎರಡು ಸಡಿಲವಾಗಿದ್ವು.

ಊರಲ್ಲಿ ನಿಮ್ಮ ಅಪ್ಪನ ಯೆಜ್ಡಿನೋ, ಹಳೇ ಮಾರುತಿ 800 ಕಾರೋ ಶೆಡ್ಡಲ್ಲಿ ಇದ್ದರೆ, ಈ ದೀಪಾವಳಿಗೆ ಹೋದಾಗ ಪೈಪನ್ನ ಒಮ್ಮೆ ಬಗ್ಗಿಸಿ ನೋಡಿ. ಆ ಶೆಡ್ಡಿನ ಪಕ್ಕವೇ ಬಚ್ಚಲ ಒಲೆ ಇರುತ್ತೆ, ಅದೂ ನೆನಪಿರಲಿ.

ಮಾವ ಈಗ ಭಾನುವಾರ ಬೆಳಿಗ್ಗೆ ಹಾರ್ನಿಮನ್ ಸರ್ಕಲ್ ಸುತ್ತಿ ಬ್ಯಾಲಾರ್ಡ್ ಎಸ್ಟೇಟ್ ತನಕ ಹೋಗಿ ಬರ್ತಾರೆ. ಗಾಡಿ ನಿಲ್ಲಿಸಿದ ಮೇಲೆ ಎರಡನೇ ಮಹಡಿಗೆ ಮುಖ ಎತ್ತಿ, "ವಾಸನೆ ಉಂಟಾ?" ಅಂತ ಕೂಗ್ತಾರೆ. ಅಜ್ಜಿ ಕಿಟಕಿಯಿಂದ ಕೈ ಆಡಿಸಿದ ಮೇಲೇ ಬಾಗಿಲು ಲಾಕು.

ಪ್ರಶ್ನೆ ಇದ್ರೆ ಕೇಳಿ. ಈ ತುಂಡುಗಳು ಇಲ್ಲೇ ಟೇಬಲ್ ಮೇಲಿರುತ್ತೆ, ಮುಟ್ಟಿ ನೋಡಿ. ಕೈ ಕಪ್ಪಾಗುತ್ತೆ, ಹಿಂದೆ ಸೋಪಿದೆ.